ಕೈ ಮೂಸುವ ದೊಡ್ಡವ್ವ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ದೊಡ್ಡವ್ವನ ಮೂಗಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ತಿಕೋಟಾದ ಅವಳ ರೇಷ್ಮೆಹುಳುವಿನ ಮನೆಗೆ ಯಾರೇ ಬರಲಿ, ಹೊಸ್ತಿಲಲ್ಲೇ ನಿಲ್ಲಿಸಿ ಎರಡೂ ಕೈ ಮೂಸುತ್ತಿದ್ದಳು. ತಂಬಾಕು, ಪೌಡರು, ಅತ್ತರು, ಹುಳುಗಳಿಗೆ ಆಗದ ಯಾವ ವಾಸನೆ ಸಿಕ್ಕರೂ ಹೊರಗೇ. ರೇಷ್ಮೆ ಇಲಾಖೆಯಿಂದ ನೋಡಲು ಬಂದ ಸಾಹೇಬರೊಬ್ಬರನ್ನೂ ಬಿಡಲಿಲ್ಲ: "ಗುಟ್ಕಾದ ಕೈಲೆ ಒಳಗ ಬ್ಯಾಡ್ರಿ ಸಾಹೇಬ್ರ. ಕಿಡಕ್ಯಾಗಿಂದನ ನೋಡ್ರಿ."

ನಾನಾಗ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಶನಿವಾರ ಶಹರದಲ್ಲಿ ನಾನಿದ್ದ ಜಲನಗರದಿಂದ ಹೊರಟು, ತಿಕೋಟಾಕ್ಕೆ ಅಥಣಿ ರಸ್ತೆಯ ಬಸ್ಸು ಹಿಡಿಯುತ್ತಿದ್ದೆ. ಹುಳು ಪತಂಗವಾಗುವ ಬಗೆಯನ್ನು ಅವಳಿಗೆ ವಿವರಿಸಿದ್ದೆ: ಜೀನಿನ ಸಂದೇಶದ ನಕಲು ಜೀವಕೋಶದಲ್ಲಿ ಮೊದಲೇ ಸಿದ್ಧವಿರಬಹುದು, ಅದನ್ನು ಓದಿ ಪ್ರೋಟೀನು ಕಟ್ಟುವುದನ್ನು ಕೋಶ ತಡೆದಿಟ್ಟಿರುತ್ತದೆ. ಎಳೆತನದ ಹಾರ್ಮೋನು ಇಳಿಯುವ ತನಕ ಹುಳು ಹುಳುವೇ.

"ಚೀಟಿ ಬಂದೈತಿ, ಓದಾಕ ಬಿಡವಲ್ರು ಅಂತೀ. ಯಾರ ಬೇ ತಡದವ್ರು?"

"ಅದನ್ನ ಹುಡುಕಾಕತ್ತೇನಿ ದೊಡ್ಡವ್ವ."

"ಹುಡುಕು. ಒಳಗಿನವ್ರ ಇರ್ತಾರ."

ಆ ವರ್ಷ ಒಂದು ಬೆಳೆಯ ಹುಳು ಹಣ್ಣಾಗಲೇ ಇಲ್ಲ. ಗೂಡು ಕಟ್ಟುವ ಮುನ್ನ ಹುಳುವಿನ ಮೈ ಬೆಳಕು ಹಾಯುವಂತಾಗುತ್ತದೆ. ಅದನ್ನೇ ಹಣ್ಣಾಗುವುದು ಎನ್ನುತ್ತಾರೆ. ಇವು ದಿನ ಮೀರಿದರೂ ಬೆಳ್ಳಗೆ, ದಪ್ಪಗೆ, ಸೊಪ್ಪು ತಿನ್ನುತ್ತಲೇ ಇದ್ದವು. ದೊಡ್ಡವ್ವ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕೊನೆಗೆ ಎಲ್ಲವನ್ನೂ ಗುಂಡಿಗೆ ಸುರಿದರು. ಪಕ್ಕದ ದ್ರಾಕ್ಷಿ ತೋಟದ ಔಷಧ ಗಾಳಿಗೆ ಬಂದಿರಬೇಕು ಎಂದರು ಎಲ್ಲರೂ. ಕೆಲವು ಕೀಟನಾಶಕಗಳು ಆ ಹಾರ್ಮೋನಿನಂತೆಯೇ ವರ್ತಿಸುತ್ತವೆ ಎಂದು ನಾನೂ ದನಿಗೂಡಿಸಿದೆ.

ಹೇಳದೆ ಉಳಿಸಿಕೊಂಡದ್ದು ಇದು: ಅದೇ ಹಾರ್ಮೋನಿನ ಹನಿಗಳನ್ನು ಬೆಳೆ ಕೆಡುವ ಮೊದಲಿನ ಶನಿವಾರ ಪ್ರಯೋಗಾಲಯದ ಹುಳುಗಳಿಗೆ ಹಾಕಿ, ಅಲ್ಲಿಂದ ನೇರ ತಿಕೋಟಾಕ್ಕೆ ಹೋಗಿ ಸೊಪ್ಪು ಕತ್ತರಿಸಿದ್ದೆ. ಆ ಹನಿಗಳಿಗೆ ಸಣ್ಣಗೆ ಎಣ್ಣೆಯ ವಾಸನೆ ಇತ್ತು. ಕೈ ತೊಳೆದಿದ್ದೆ ಎಂದು ನೆನಪು. ಬೇಕೆಂದಾಗಲೆಲ್ಲ ಬಂದು ನಿಲ್ಲುವ ಆ ನೆನಪನ್ನು ನಾನು ನಂಬುವುದಿಲ್ಲ. ಅಷ್ಟು ಹುಳುಗಳಿಗೆ ಎರಡು ಕೈಯ ಅಂಟು ಸಾಲದು ಎನ್ನುತ್ತದೆ ಓದಿದ ಬುದ್ಧಿ. ಅದನ್ನೂ ನಂಬಲಾರೆ.

ಕಳೆದ ವರ್ಷ ದೊಡ್ಡವ್ವ ಬಬಲೇಶ್ವರದಲ್ಲಿ, ಮಗಳು ಶಾಂತಕ್ಕನ ಮನೆಯಲ್ಲಿ ತೀರಿಕೊಂಡಳು. ಅದಕ್ಕೆ ಹದಿನೈದು ದಿನ ಮೊದಲು ಹೋದಾಗ ನನ್ನ ಕೈಗಳನ್ನು ಮೂಗಿನ ಹತ್ತಿರ ಒಯ್ದು, "ಬರೇ ಸಾಬಾಣದ ವಾಸನಿ" ಎಂದು ಬಿಟ್ಟಳು. ಅಕ್ಕರೆಯೋ, ತಪಾಸಣೆಯೋ ತಿಳಿಯಲಿಲ್ಲ.

ಸೊಪ್ಪು ಕತ್ತರಿಸಿದ ದಿನ ಶಾಂತಕ್ಕ ನನ್ನ ಪಕ್ಕದಲ್ಲೇ ಇದ್ದಳು. ಮೊನ್ನೆ ಅವಳಿಗೆ ವಾಟ್ಸಾಪಿನಲ್ಲಿ ಬರೆದೆ. ಓದಿದ್ದಾಳೆ, ಎರಡೂ ಟಿಕ್ ನೀಲಿಯಾಗಿವೆ. ಕೇಳಿದ್ದು ಇಷ್ಟೇ: "ಶಾಂತಕ್ಕ, ಆ ಶನಿವಾರ ದೊಡ್ಡವ್ವ ನನ್ನ ಕೈ ಮೂಸಿ ಒಳಗ ಬಿಟ್ಟಿದ್ಲೋ, ಮನಿ ಹುಡುಗಿ ಅಂತ ಹಂಗ ಬಿಟ್ಟಿದ್ಲೋ?"