ಸುಂದರಮ್ಮ ಸಿಸ್ಟರ್ ಮಲಗುತ್ತಿದ್ದ ಮಂಚ

ಹೆಣ ಎತ್ತಿದ ಮಂಚವನ್ನು ಫಿನಾಯಿಲ್ ಹಾಕಿ ಒರೆಸಿ, ಒಗೆದ ಬೆಡ್‌ಶೀಟ್ ಹಾಸಿ, ಅದರ ಮೇಲೆ ತಾವೇ ಕಾಲು ಚಾಚಿ ಮಲಗಿಬಿಡುತ್ತಿದ್ದರು ಸುಂದರಮ್ಮ ಸಿಸ್ಟರ್. ಹಾಡುಹಗಲಲ್ಲಿ, ವಾರ್ಡಿನವರೆಲ್ಲ ಕಣ್ಣು ಬಿಟ್ಟು ನೋಡುತ್ತಿರುವಾಗ! ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡಿದ್ದು, ಎದ್ದು ಸೀರೆ ಸರಿಮಾಡಿಕೊಂಡು, "ನೋಡ್ರಮ್ಮ, ನಂಗೇನಾಯ್ತು? ಗುಂಡುಕಲ್ಲಿನಂಗಿದೀನಿ. ಯಾರು ಮಲಗ್ತೀರಿ, ಬನ್ನಿ" ಎನ್ನುತ್ತಿದ್ದರು.

ಹೊಸಕೋಟೆ ಕಡೆಯ ನಮ್ಮ ಪುಟ್ಟ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿಗೆ ಇದ್ದದ್ದೇ ಆರು ಮಂಚ. ಯಾರಾದರೂ ತೀರಿಕೊಂಡ ಮಂಚವನ್ನು ಆಮೇಲೆ ಯಾರೂ ಹತ್ತುತ್ತಿರಲಿಲ್ಲ. ನೆಲದ ಮೇಲೆ ಚಾಪೆ ಹಾಸಿಕೊಳ್ಳುತ್ತೇವೆ ಎಂದು ಹಟ ಹಿಡಿಯುತ್ತಿದ್ದರು. ಸಿಸ್ಟರ್ ಮಲಗಿ ಎದ್ದರೆ ಮಾತ್ರ ಒಪ್ಪುತ್ತಿದ್ದರು.

ಅರವತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿಗೆ ಹೊಸ ನರ್ಸಾಗಿ ಸೇರಿದಾಗ, ಈಕೆ ಗಟ್ಟಿಗಿತ್ತಿಯೋ ಕಲ್ಲೆದೆಯವಳೋ ತಿಳಿಯದೆ ಒದ್ದಾಡಿದೆ. ಹೆರಿಗೆ ಕೋಣೆಗೆ ಹಾಕಿದರೂ ಸೈ, ಸಿಡುಬಿನ ಲಸಿಕೆಗೆಂದು ಹಳ್ಳಿ ಸುತ್ತಿಸಿದರೂ ಸೈ. ಆ ಲಸಿಕೆಗಾಗಿಯೇ ನಲವತ್ತರ ವಯಸ್ಸಿನಲ್ಲಿ ಸೈಕಲ್ ಕಲಿತ ಪುಣ್ಯಾತಗಿತ್ತಿ! "ಕೊಟ್ಟ ಕೆಲ್ಸಕ್ಕೆ ಮುಖ ಯಾಕೆ ಗಂಟು ಹಾಕ್ಬೇಕು?" ಎನ್ನುವುದು ಅವರ ಮಾತು.

ನಾನು ಸೇರಿದ ಮೂರನೇ ತಿಂಗಳು, ಸಮೇತನಹಳ್ಳಿಯ ಕಡೆಯ ಬಾಣಂತಿಯೊಬ್ಬಳು ನನ್ನ ಕೈ ಹಿಡಿದುಕೊಂಡೇ ಹೋಗಿಬಿಟ್ಟಳು. ನನ್ನಷ್ಟೇ ವಯಸ್ಸು. ನನಗೆ ಈ ಕೆಲಸವೇ ಸಾಕೆನಿಸಿತು.

"ಸಿಸ್ಟರ್, ನಾನು ಊರಿಗೆ ಹೋಗ್ತೀನಿ. ಇದು ನನ್ ಕೈಲಾಗಲ್ಲ" ಎಂದೆ.

"ಹೋಗುವಂತೆ. ಮೊದ್ಲು ಆ ಮಂಚದ ಮೇಲೆ ಮಲಕ್ಕೊ. ಇವತ್ತು ನಿನ್ ಸರದಿ."

ಎಂಥಾ ಹೆಂಗಸಪ್ಪಾ ಇವರು ಎಂದು ಮೈಯೆಲ್ಲ ಉರಿಯಿತು. ಆದರೂ ಮಲಗಿದೆ. ದಿಂಬಿಗೆ ತಲೆ ತಾಗಿದ್ದೇ ತಡ, ಗೊಳೋ ಎಂದು ಅತ್ತುಬಿಟ್ಟೆ. ಕೆಟ್ಟಿತು ಕೆಲಸ, ಇನ್ನು ಈ ಮಂಚದ ಹತ್ತಿರ ಯಾರೂ ಸುಳಿಯುವುದಿಲ್ಲ ಎಂದುಕೊಂಡೆ.

ಬಾಗಿಲಲ್ಲಿ ನೋವು ತಿನ್ನುತ್ತಿದ್ದ ಸೊಸೆಯನ್ನು ಹಿಡಿದುಕೊಂಡು ಒಬ್ಬ ಅತ್ತೆ ನಿಂತಿದ್ದಳು. "ಏಳವ್ವ, ನನ್ ಸೊಸೆ ಮಲಗ್ಲಿ. ಸತ್ತೋಳಿಗೆ ಇಷ್ಟು ಅಳೋಳು ಬದುಕಿರೋಳ್ನ ಕೈ ಬಿಟ್ಟಾಳಾ?" ಎಂದಳು. ಸಂಜೆಯೊಳಗೆ ಆ ಸೊಸೆಗೆ ಹೆಣ್ಣು ಮಗುವಾಯಿತು. ಮಗುವನ್ನು ಹಿಡಿದವಳು ನಾನೇ. ಊರಿಗೆ ಹೋಗುವ ಮಾತು ಅಲ್ಲಿಗೆ ನಿಂತಿತು.

ಸಿಸ್ಟರ್ ಮಾತ್ರ ಅಂದಿನಿಂದ ಮಂಕಾದರು. ಕೇಳಿದರೆ "ಏನಿಲ್ಲ ಕಣೇ" ಎನ್ನುತ್ತಿದ್ದರು. ಆಮೇಲೆ ಯಾವ ಮಂಚದ ಮೇಲೂ ಅವರು ಮಲಗಲಿಲ್ಲ. ವರ್ಷ ತುಂಬುವಷ್ಟರಲ್ಲಿ ರಾಜೀನಾಮೆ ಬರೆದುಕೊಟ್ಟರು. ಯಾವ ಕೆಲಸ ಕೊಟ್ಟರೂ ಹೊಂದಿಕೊಂಡವರಿಗೆ ಈಗ ಏನಾಯಿತು? ನನಗೆ ತಲೆಬುಡ ತಿಳಿಯಲಿಲ್ಲ.

ಅವರ ಟ್ರಂಕು ಹಿಡಿದು ಬಸ್ ಸ್ಟ್ಯಾಂಡಿಗೆ ಹೋದವಳು ತಡೆಯಲಾರದೆ ಕೇಳಿಯೇಬಿಟ್ಟೆ.

"ಆ ಮಂಚದ ಮೇಲೆ ಮಲಗ್ತಿದ್ನಲ್ಲ, ನಂಗೆ ಗಡದ್ದಾಗಿ ನಿದ್ದೆ ಬರೋದು ಕಣೇ" ಎಂದರು. "ಈಗ ತಾನೇ ಹೆಣ ಎತ್ತಿರೋ ಜಾಗದಲ್ಲಿ! ಅದನ್ನೇ ಧೈರ್ಯ ಅಂದ್ಕೊಂಡಿದ್ದೆ. ನೀನು ಅತ್ತಿದ್ದು ನೋಡಿದ್ಮೇಲೆ ನನ್ ಕಂಡ್ರೆ ನಂಗೇ ಭಯ ಆಗೋಯ್ತು."

"ಅವತ್ತು ನೀವು ಮಲಗ್ಸಿದ್ದಕ್ಕೆ ತಾನೇ ಸಿಸ್ಟರ್, ನಾನು ಉಳ್ಕೊಂಡಿದ್ದು!"

"ಹೂಂ ಕಣೇ. ನಾನು ಹೊರಟಿರೋದೂ ಅದಕ್ಕೇ."

ಬಸ್ಸು ಬಂತು. ಹೋಗಬೇಡಿ ಎನ್ನಬೇಕೋ, ಹೋಗಿ ಬನ್ನಿ ಎನ್ನಬೇಕೋ ತಿಳಿಯದೆ ಟ್ರಂಕನ್ನು ಮೇಲಕ್ಕೆ ಎತ್ತಿಕೊಟ್ಟೆ. ಮತ್ತೆ ಅವರನ್ನು ನೋಡಲಿಲ್ಲ.