ಗಂಟೆಗೆ ಕಿವಿಗೊಡದ ಜೀರುಂಡೆ

ಸಂಶೋಧನಾಲಯದಲ್ಲಿ ಎಲ್ಲರ ಬಾಯಲ್ಲೂ ಅವಳು ಜೀರುಂಡೆ ಅಕ್ಕ. ಗೋಡೆಯ ಸಂದಿಯಲ್ಲಿ ಕೂತು ಚಿರ್ರೆನ್ನುವ ಕರಿ ಹುಳಗಳ ಬೆನ್ನು ಹತ್ತಿ ಅವಳಿಗೆ ಐದು ವರ್ಷವಾಗಿತ್ತು. ಬಟ್ಟೆ ಹೊಲಿದು ಮಗಳನ್ನು ಓದಿಸಿದ ಅಮ್ಮ, ಊರೆಲ್ಲ ಪೊರಕೆ ಹಿಡಿದು ಓಡಿಸುವ ಹುಳವನ್ನು ನೀನು ಉಣ್ಣಿಸಿ ಸಾಕುತ್ತೀಯಲ್ಲೇ ಎಂದು ನಗುತ್ತಿದ್ದಳು. ಹುಳದ ಮುಂದೆ ದಿನವಿಡೀ ಕೂರುವ ತಾಳ್ಮೆ ಅವಳಿಗಿತ್ತು. ಹತ್ತು ಜನರ ಮುಂದೆ ನಿಂತರೆ ಮಾತ್ರ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು.

ಹಾಗಾಗಿ, ಯುವ ಸಂಶೋಧಕರೆಲ್ಲ ಶಾಲೆಗಳಿಗೆ ಹೋಗಿ ತಮ್ಮ ಕೆಲಸದ ಬಗ್ಗೆ ಮಾತಾಡಬೇಕೆಂದು ಮೇಲಿನವರು ಹೇಳಿದಾಗ ಅವಳು ಎರಡು ಸಲ ತಪ್ಪಿಸಿಕೊಂಡಳು. ಮೂರನೆಯ ಸಲ ನೆಪಗಳು ಮುಗಿದಿದ್ದವು.

ಒಂಬತ್ತನೇ ತರಗತಿ, ಐವತ್ತು ಮಕ್ಕಳು. ಪರದೆಯ ಮೇಲಿನ ಚಿತ್ರಗಳನ್ನು ತೋರಿಸುತ್ತ, ಬರೆದುಕೊಂಡದ್ದನ್ನೇ ಉಸಿರು ಬಿಡದೆ ಓದಿದಳು. ಹತ್ತೇ ನಿಮಿಷದಲ್ಲಿ ಮೊದಲ ಆಕಳಿಕೆ ಬಂತು. ಒಬ್ಬರ ಆಕಳಿಕೆ ಊರಿಗೇ ಅಂಟುರೋಗ.

ಅಷ್ಟರಲ್ಲಿ, ಮೇಜಿನ ಮೇಲೆ ಕಪ್ಪು ಬಟ್ಟೆ ಹೊದ್ದು ಕೂತಿದ್ದ ಗಾಜಿನ ಡಬ್ಬಿಯೊಳಗಿನ ಜೀರುಂಡೆ ರಾತ್ರಿಯಾಯಿತೆಂದು ಬಗೆದು ಚಿರ್ರೆಂದು ಶುರುಮಾಡಿತು. ಮಕ್ಕಳ ಬೆನ್ನು ನೆಟ್ಟಗಾಯಿತು. ಅದರ ಕಿವಿ ಮುಂಗಾಲಲ್ಲಿದೆ ಎಂದಾಗಲಂತೂ ಹಲವರು ತಮ್ಮ ಮೊಣಕಾಲನ್ನೇ ಮುಟ್ಟಿ ನೋಡಿಕೊಂಡರು. ಆಗ ಶಾಲೆಯ ಗಂಟೆ ಹೊಡೆಯಿತು. ಹುಳ ಗಪ್‌ಚಿಪ್. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಚಿರ್ರೆಂದಿತು.

ಹಿಂದಿನ ಬೆಂಚಿನಿಂದ, ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಅಕ್ಕಾ, ದಿನಾ ಗಂಟೆ ಕೇಳಿ ನಮಗೆ ಅಭ್ಯಾಸ ಆಗಿಲ್ವಾ? ಅದಕ್ಕೂ ಆಗುತ್ತಾ?"

ಉತ್ತರ ಅವಳ ಕಾಗದದಲ್ಲಿರಲಿಲ್ಲ. "ನನ್ನ ಈ ಹುಳಕ್ಕೆ ಆಗುತ್ತೋ ಇಲ್ವೋ ಗೊತ್ತಿಲ್ಲ. ನೋಡೇಬಿಡೋಣ," ಎಂದಳು. ನಾಲಿಗೆ ಯಾವಾಗ ಸಡಿಲಾಯಿತೋ ಅವಳಿಗೇ ತಿಳಿಯಲಿಲ್ಲ.

ಮತ್ತೆ ಮತ್ತೆ ಗಂಟೆ ಹೊಡೆಯಲು ಜವಾನನನ್ನು ಒಪ್ಪಿಸಿದ್ದಾಯಿತು. ಮುಂದಿನ ಬೆಂಚಿನವರು ಗಡಿಯಾರ ಹಿಡಿದರು, ಒಬ್ಬ ಹಲಗೆಯ ಮೇಲೆ ಬರೆಯಲು ನಿಂತ. ಮೊದಲ ಗಂಟೆಗೆ ಹುಳ ನಲವತ್ತು ಸೆಕೆಂಡು ಸುಮ್ಮನಿತ್ತು, ಎರಡನೆಯದಕ್ಕೆ ಮೂವತ್ತೊಂದು. ಮೂರನೆಯದಕ್ಕೆ ಪಕ್ಕದ ತರಗತಿಗಳ ಮಕ್ಕಳು ಊಟದ ಡಬ್ಬಿ ಹಿಡಿದು ಅಂಗಳಕ್ಕೆ ನುಗ್ಗಿದರು. ಅವರ ಹಿಂದೆಯೇ ಮುಖ ಕೆಂಪಗೆ ಮಾಡಿಕೊಂಡು ಹೆಡ್‌ಮಿಸ್ ಬಂದರು.

"ಏನಮ್ಮಾ ಇದು? ಶಾಲೆ ನಡೆಸಬೇಕೋ ಬೇಡ್ವೋ?"

ಅವಳು ಹಲಗೆಯತ್ತ ಕೈ ತೋರಿಸಿ ನಡೆದದ್ದನ್ನೆಲ್ಲ ಹೇಳಿದಳು. ಹೆಡ್‌ಮಿಸ್ ಅಂಕಿಗಳನ್ನು ಓದಿದರು, ಡಬ್ಬಿಗೆ ಕಿವಿ ಕೊಟ್ಟರು. ಆಮೇಲೆ ಮೈಕಿನಲ್ಲಿ, ಇನ್ನರ್ಧ ಗಂಟೆ ಯಾವ ಗಂಟೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಸಾರಿ, ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.

ಇಪ್ಪತ್ತೆರಡು. ಹದಿನೈದು. ಆರು. ಹತ್ತನೆಯ ಗಂಟೆಗೆ ಹುಳ ಒಂದು ಕ್ಷಣವೂ ನಿಲ್ಲಿಸಲಿಲ್ಲ. ತರಗತಿ ಚಪ್ಪಾಳೆಯಲ್ಲಿ ಮುಳುಗಿತು.

ಎರಡು ಜಡೆಯವಳು ಮಾತ್ರ ಕೂರಲಿಲ್ಲ. "ಅಭ್ಯಾಸ ಆಯ್ತು ಅಂತ ಹೇಗೆ ಹೇಳೋದು? ಕಿವಿಯೇ ಮಂದ ಆಗಿದ್ರೆ?"

ಜೀರುಂಡೆ ಅಕ್ಕನ ಮೈ ಜುಂ ಎಂದಿತು. ತನ್ನ ಗುರುಗಳು ವರ್ಷಗಟ್ಟಲೆ ತಿದ್ದಿ ಕಲಿಸಿದ ಅನುಮಾನವನ್ನು ಈ ಹುಡುಗಿ ನಿಂತ ನಿಲುವಿನಲ್ಲೇ ಎತ್ತಿದ್ದಳು. "ನೀನೇ ಹೇಳು, ಹೇಗೆ ಪರೀಕ್ಷೆ ಮಾಡೋಣ?" ಎಂದಳು. ಉತ್ತರ ನಾಲಿಗೆಯ ತುದಿಯಲ್ಲಿದ್ದರೂ ಹಲ್ಲು ಕಚ್ಚಿ ತಡೆದುಕೊಂಡಳು.

ಹುಡುಗಿ ತನ್ನ ಊಟದ ಡಬ್ಬಿಯನ್ನು ಎತ್ತಿಕೊಂಡಳು. "ಬೇರೆ ಸದ್ದು ಮಾಡೋಣ. ಕಿವುಡಾಗಿದ್ರೆ ಅದಕ್ಕೂ ಸುಮ್ಮನಾಗಲ್ಲ."

ಸ್ಟೀಲ್ ಡಬ್ಬಿಯ ಮುಚ್ಚಳವೊಂದು ನೆಲಕ್ಕೆ ಬಿತ್ತು. ಠಣ್!

ಹುಳ ಸುಮ್ಮನಾಯಿತು. ಮುಂದಿನ ಬೆಂಚಿನವರು ಗಡಿಯಾರ ನೋಡಿದರು. ಮೂವತ್ತೆಂಟು ಸೆಕೆಂಡು. ಕಿವಿ ನೆಟ್ಟಗೇ ಇತ್ತು, ಗಂಟೆಗೆ ಮಾತ್ರ ಅದು ಸೊಪ್ಪು ಹಾಕುತ್ತಿರಲಿಲ್ಲ. ಈ ಸಲದ ಗದ್ದಲದಲ್ಲಿ ಹೆಡ್‌ಮಿಸ್ ದನಿಯೂ ಇತ್ತು.

ಒಂದೇ ಹುಳ ಒಂದು ಸಲ ಮಾಡಿದ್ದನ್ನು ನಂಬಬಾರದು, ಇಪ್ಪತ್ತು ಹುಳಗಳನ್ನಾದರೂ ನೋಡಬೇಕು ಎಂದು ಅವಳು ಹೊರಡುವಾಗ ಹೇಳಿದಳು. ಮಾತಿಗೆ ಹೇಳಿದ್ದು, ಅಷ್ಟೆ. ಶನಿವಾರ ಬೆಳಿಗ್ಗೆ ಸಂಶೋಧನಾಲಯದ ಬಾಗಿಲು ತೆರೆದರೆ ಎದುರಿಗೆ ಎರಡು ಜಡೆಯವಳೂ ಅವಳ ಮೂವರು ಗೆಳತಿಯರೂ ನಿಂತಿದ್ದರು. ಯಾವ ಹುಳದಿಂದ ಶುರು ಮಾಡೋಣ ಎಂದು ಕೇಳಿದರು. ಅವಳು ನಾಲ್ವರ ಕೈಗೂ ಒಂದೊಂದು ಬ್ರಷ್ ಕೊಟ್ಟು, ಮೊದಲು ಡಬ್ಬಿ ತೊಳೆಯಲು ಹಚ್ಚಿದಳು.