ಎಲ್ಲರೂ ಕ್ಷಮಿಸಿದ್ದಾರೆ ಎಂಬ ಪತ್ರ

ಗಂಡ ಸತ್ತ ಐದನೇ ದಿನ, ತಾನು ಕೊಲೆಗಾರನನ್ನು ಕ್ಷಮಿಸಿದ್ದೇನೆಂಬ ಸಂಗತಿ ಇಸ್ತ್ರಿ ಅಕ್ಕನಿಗೆ ಗೊತ್ತಾಗಿದ್ದು ಪತ್ರಿಕೆಯಿಂದ. ಅವಳ ಗಂಡ ಪ್ರಾರ್ಥನಾ ಮಂದಿರದ ಬಾಗಿಲು ಕಾಯುತ್ತಿದ್ದ. ಅಲ್ಲಿ ಸೇರುವ ಭಕ್ತರ ಸಭೆಯದೇ ಹಾಡುಗಾರನೊಬ್ಬ, ತನ್ನನ್ನು ಮೇಳದಿಂದ ತೆಗೆದರೆಂಬ ಸಿಟ್ಟಿಗೆ ಚಾಕು ಹಿಡಿದು ಬಂದು, ಅಡ್ಡ ನಿಂತ ಇವನನ್ನೂ ಒಳಗಿದ್ದ ಇಬ್ಬರನ್ನೂ ಇರಿದು ಕೊಂದಿದ್ದ. 'ಸಭೆಯ ಎಲ್ಲರೂ ಕ್ಷಮಿಸಿದ್ದಾರೆ' ಎಂದು ಹಿರಿಯರು ಹೇಳಿಕೆ ಕೊಟ್ಟುಬಿಟ್ಟಿದ್ದರು. ಊರೆಲ್ಲ ಹೊಗಳಿತು.

ಶಿಕ್ಷೆ ಕಡಿಮೆ ಮಾಡಿಸಲು ನ್ಯಾಯಾಲಯಕ್ಕೆ ಬರೆದ ಪತ್ರ ಹಿಡಿದು ಹಿರಿಯರೇ ಅವಳ ಇಸ್ತ್ರಿ ಅಂಗಡಿಗೆ ಬಂದರು.

"ಸಹಿ ಹಾಕಮ್ಮ. ನಿನ್ನ ಮನಸ್ಸೂ ಹಗುರ ಆಗುತ್ತೆ."

ಅಕ್ಕ ಅಂಗಿಯ ಕಾಲರಿನಿಂದ ಕಣ್ಣೆತ್ತಲಿಲ್ಲ. "ನನ್ನ ಮನಸ್ಸಿನ ಭಾರ ನೀವೇನು ಹೊತ್ಕೊಂಡಿದ್ದೀರಾ, ಯಜಮಾನ್ರೇ?"

"ದೇವರೇ ಕ್ಷಮಿಸು ಅಂತಾನಲ್ಲ?"

"ಅವನು ಬೇಕಾದ್ರೆ ಕ್ಷಮಿಸ್ಲಿ. ನನ್ನ ಹೆಸರಲ್ಲಿ ನೀವು ದಾನ ಮಾಡ್ಬೇಡಿ. ಬಿಸಿ ಇದೆ, ಕೈ ತೆಗೀರಿ."

ಅಂದಿನಿಂದ ಸಭೆಯವರ ಬಟ್ಟೆ ಬರುವುದು ನಿಂತಿತು. ಮಂದಿರದಲ್ಲಿ ಅವಳ ಬೆಂಚಿನಲ್ಲಿ ಯಾರೂ ಕೂರಲಿಲ್ಲ.

"ಅಣ್ಣ ಇದ್ದಿದ್ರೆ ಕ್ಷಮಿಸ್ತಿದ್ದ, ಅತ್ತಿಗೆ," ಎಂದಳು ನಾದಿನಿ.

"ಇದ್ದಿದ್ರೆ ಕ್ಷಮಿಸೋಕೇನಿತ್ತೇ?"

ಒಂದು ಮಧ್ಯಾಹ್ನ ಕೊಲೆಗಾರನ ತಾಯಿ ಅಂಗಡಿಯ ಮುಂದೆ ಬಂದು ನಿಂತಳು. ಅಕ್ಕ ಕೂರು ಎನ್ನಲಿಲ್ಲ.

"ಸಹಿ ಕೇಳೋಕೆ ಬಂದಿದ್ರೆ ಹಾಗೇ ಹೊರಡು."

"ಅಲ್ಲ. ನಾನೂ ಅವನನ್ನ ಕ್ಷಮಿಸಿಲ್ಲ," ಎಂದಳು ಮುದುಕಿ. "ಮಂದಿರದಲ್ಲಿ ಎಲ್ರೂ ನನ್ನ ತಬ್ಬಿಕೊಂಡು ಅಳ್ತಾರೆ. ಬಾಯಿ ಬಿಡೋಕಾಗ್ತಿಲ್ಲ."

"ಹೆತ್ತವಳು ನೀನು. ಅನುಭವಿಸು." ಅಕ್ಕ ಬೆನ್ನು ತಿರುಗಿಸಿದಳು. ಮುದುಕಿ ಹೋದ ಮೇಲೂ ಒಂದೇ ಅಂಗಿಯನ್ನು ಮತ್ತೆ ಮತ್ತೆ ತೀಡಿದಳು.

ಮುಂದಿನ ಪ್ರಾರ್ಥನೆಯಂದು ಹಿರಿಯರು ಪತ್ರವನ್ನು ಗಟ್ಟಿಯಾಗಿ ಓದಿದರು. 'ಎಲ್ಲರೂ' ಎಂಬ ಮಾತು ಬಂದದ್ದೇ ಅಕ್ಕ ಎದ್ದು ನಿಂತಳು.

"ನಾನಿಲ್ಲ. ಅದನ್ನ ಹೊಡೆದುಹಾಕಿ."

"ಕಲ್ಲೆದೆಯವಳು!" ಎಂದು ಹಿಂದಿನಿಂದ ಯಾರೋ ಬೈದರು. "ಕೂತ್ಕೊಳ್ಳೇ!" ಎಂದು ಇನ್ನೊಬ್ಬರು ಗದರಿದರು. ಆಗ ಮುಂದಿನ ಸಾಲಿನಲ್ಲಿದ್ದ ಮುದುಕಿ ಮೆಲ್ಲಗೆ ಎದ್ದಳು.

"ನಾನೂ ಇಲ್ಲ," ಎಂದಳು.

ಹೆತ್ತ ತಾಯಿಗೇ ಕ್ಷಮಿಸು ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಮುಖ ಕಪ್ಪಿಟ್ಟ ಹಿರಿಯರು 'ಎಲ್ಲರೂ' ಎಂಬುದನ್ನು ಹೊಡೆದು 'ಕೆಲವರು' ಎಂದು ಬರೆದರು.

ಮುದುಕಿ ಬಂದು ಅಕ್ಕನ ಬೆಂಚಿನ ತುದಿಯಲ್ಲಿ ಕುಳಿತಳು.

"ಹತ್ರ ಬರ್ಬೇಡ," ಎಂದಳು ಅಕ್ಕ, ಹಲ್ಲು ಕಚ್ಚಿ.

ಆದರೆ ಏಳು ಎನ್ನಲಿಲ್ಲ.